ಅರಬ್ಬಿ ಫಾರಂ ಮುಂದೆ ಕೂತಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಕುಂದಾಪುರದ ಕಡೆಯವರು. ಯಜಮಾನರಿಗೆ ಸೌದಿಯ ಜುಬೈಲ್‌ನಲ್ಲಿ ಕೆಲಸ. ನಾನು ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ಮನೆ ಹತ್ತಿರ ಹೆಂಗಸರ ಜಿಮ್ ಇದೆ, ಸೇರಬೇಕು ಅಂತ ಆಸೆ. ಆದರೆ ಒಳಗೆ ಗಂಡಸರನ್ನು ಬಿಡುವುದಿಲ್ಲ, ಹಾಗಾಗಿ ಯಜಮಾನರು ಬಂದು ಮಾತಾಡುವ ಹಾಗಿಲ್ಲ. ಕೌಂಟರಿನ ಹುಡುಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಎರಡು ಪುಟದ ಅರಬ್ಬಿ ಫಾರಂ ಕೊಟ್ಟಳು, ಅದನ್ನು ಮನೆಗೆ ತಂದು ಹಾಗೇ ಇಟ್ಟಿದ್ದೇನೆ. ಸೇರುವುದಕ್ಕೆ ಬೇಕಾಗುವಷ್ಟು ಅರಬ್ಬಿ ಕಲಿಯಲು ಎಷ್ಟು ದಿನ ಹಿಡಿಯುತ್ತದೆ?
– ಒಬ್ಬ ಓದುಗರು, ಜುಬೈಲ್

ಉತ್ತರ: ಒಂದು ವಾರ ಸಾಕು ತಂಗಿ. ಇಡೀ ಭಾಷೆ ಕಲಿಯಬೇಕಾಗಿಲ್ಲ. ನಿಮಗೆ ಬೇಕಿರುವುದು ಒಂದಿಪ್ಪತ್ತು ಪದ, ಐದಾರು ಮಾತು. ಅದರಲ್ಲಿ ಎಷ್ಟೋ ಪದ ನಿಮಗೆ ಈಗಾಗಲೇ ಗೊತ್ತು. ಸುಮ್ನೆ ಧೈರ್ಯಕ್ಕೆ ಹೇಳುತ್ತಿಲ್ಲ, ಮುಂದೆ ಓದಿ.

ಮೊದಲು ಬಾಯಿಮಾತು. ಬಾಗಿಲಲ್ಲಿ "ಅಸ್ಸಲಾಮು ಅಲೈಕುಂ" ಅನ್ನಿ. ಆಮೇಲೆ "ಲೌ ಸಮಹ್ತಿ, ಅಬ್ಘಾ ಅಶ್ತರಿಕ್" ಅನ್ನಿ. "ದಯವಿಟ್ಟು, ನನಗೆ ಸೇರಬೇಕು" ಅಂತ ಅರ್ಥ. ಕೌಂಟರಿನಲ್ಲಿ ಹೆಂಗಸು ಇದ್ದರೆ "ಸಮಹ್ತಿ", ಗಂಡಸು ಇದ್ದರೆ "ಸಮಹ್ತ್". ನಮ್ಮ ಎಷ್ಟೋ ಜನ ಹೆಂಗಸರನ್ನೂ "ಇಂತ" (ನೀನು) ಅಂತ ಗಂಡಸರ ಹಾಗೇ ಕರೆದು ಅಭ್ಯಾಸ ಮಾಡಿಕೊಂಡಿದ್ದಾರೆ. ಅಂಗಡಿಯಲ್ಲಿ ಅದು ನಡೆಯುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಹೆಂಗಸಿಗೆ "ಇಂತಿ" ಅಂದ ಕೂಡಲೇ ಎದುರಿನವರ ಮುಖ ಅರಳುತ್ತದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. "ಕಮ್ ಅಲ್-ಇಶ್ತಿರಾಕ್ ಬಿಶ್-ಶಹರ್?" ಅಂದರೆ ತಿಂಗಳಿಗೆ ಚಂದಾ ಎಷ್ಟು ಅಂತ. ಇಲ್ಲಿ ಶಹರ್ ಅಂದರೆ ನಮ್ಮ ಕನ್ನಡದ ಶಹರ ಅಲ್ಲ, ತಿಂಗಳು. ವರ್ಷದ ಲೆಕ್ಕಕ್ಕೆ "ಸನವಿ". ಅರ್ಥ ಆಗದಿದ್ದರೆ "ಮಾ ಫಹಿಮ್ತ್, ಶ್ವಯ್ ಶ್ವಯ್" ಅನ್ನಿ. ಅರ್ಥ ಆಗಲಿಲ್ಲ, ನಿಧಾನಕ್ಕೆ ಹೇಳಿ ಅಂದ ಹಾಗೆ.

ಈಗ ಆ ಫಾರಂ. ಅದರ ತಲೆಯ ಮೇಲೆ "ನಮೂದಜ್" ಅಂತ ಇರಬಹುದು. ತಾಲೂಕು ಕಚೇರಿಯಲ್ಲಿ ನಾವು ತುಂಬುವ "ನಮೂನೆ" ಇದೆಯಲ್ಲ, ಅದೇ ಪದ. ಪಾರ್ಸಿಯಿಂದ ಅರಬ್ಬಿಗೂ ಹೋಯಿತು, ನಮ್ಮಲ್ಲಿಗೂ ಬಂತು. ನಮ್ಮ ತಾರೀಖು, ಅರ್ಜಿ, ಇಲಾಖೆ, ಜಿಲ್ಲೆ, ತಾಲೂಕು ಎಲ್ಲವೂ ಮೂಲದಲ್ಲಿ ಅರಬ್ಬಿ. ಬಿಜಾಪುರದ ಆದಿಲ್ ಶಾಹಿಗಳು, ಹೈದರ್-ಟಿಪ್ಪು, ನಿಜಾಮರು ಇವರೆಲ್ಲರ ಕಾಲದಲ್ಲಿ ಪಾರ್ಸಿ ಆಡಳಿತದ ಭಾಷೆ ಆಗಿತ್ತು, ಆ ಪಾರ್ಸಿಯ ಬೆನ್ನೇರಿ ಅರಬ್ಬಿ ಪದಗಳು ನಮ್ಮ ಕಚೇರಿಗಳಿಗೆ ಬಂದು ಕೂತವು. ಅದಕ್ಕೇ ನಾನು ಹೇಳುವುದು, ಕಂದಾಯ ಇಲಾಖೆಯ ಕನ್ನಡ ಗೊತ್ತಿದ್ದವರಿಗೆ ಅರಬ್ಬಿ ಫಾರಂ ಪೂರ್ತಿ ಹೊಸದಲ್ಲ. ಅಕ್ಷರ ಮಾತ್ರ ಹೊಸದು. ಫೋನಿನ ಕ್ಯಾಮೆರಾ ಹಿಡಿದರೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸುವ ಆಪ್ ಇವೆ, ಅರೆಬರೆ ಆದರೂ ಕೆಲಸಕ್ಕೆ ಬರುತ್ತವೆ. ಆದರೆ ಕೌಂಟರಿನವಳು ಬಾಯಲ್ಲಿ ಹೇಳಿದ್ದನ್ನು ನಿಮ್ಮ ಕಿವಿಯೇ ಹಿಡಿಯಬೇಕಲ್ವಾ?

ಫಾರಂನ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಭಾಗ ಇರುತ್ತದೆ. ಅದರ ತಲೆಬರಹ "ಅಶ್-ಶುರೂತ್ ವಲ್-ಅಹ್ಕಾಮ್". ಶುರೂತ್ ಅಂದರೆ ಷರತ್ತುಗಳು. ಅಹ್ಕಾಮ್ ಅಂದರೆ ಹುಕುಂಗಳು. ನೋಡಿದಿರಾ? ಅದರ ಕೆಳಗೆ "ಮುದ್ದತ್ ಅಲ್-ಇಶ್ತಿರಾಕ್" ಅಂತ ಬರುತ್ತದೆ. ಬ್ಯಾಂಕಿನ ಮುದ್ದತು ಠೇವಣಿಯ ಅದೇ ಮುದ್ದತು, ಸದಸ್ಯತ್ವ ಎಷ್ಟು ಕಾಲಕ್ಕೆ ಅಂತ. ಹಣದ ವಿಷಯ ಬಂದಾಗ "ಶಾಮಿಲ್ ಅದ್-ದರೀಬಾ?" ಅಂತ ಮರೆಯದೆ ಕೇಳಿ. ತೆರಿಗೆ ಶಾಮೀಲಾಗಿದೆಯಾ ಅಂತ. ಸೌದಿಯಲ್ಲಿ 2020ರ ಜುಲೈಯಿಂದ ಈ ತೆರಿಗೆ ಶೇಕಡಾ 15. ಅವಳು 300 ರಿಯಾಲ್ ಅಂದು, ತೆರಿಗೆ ಅದರಲ್ಲಿ ಸೇರಿಲ್ಲದಿದ್ದರೆ ಬಿಲ್ಲು 345 ಆಗುತ್ತದೆ.

ಇನ್ನು ನಾನು ತುಂಬಾ ಒತ್ತಿ ಹೇಳಬೇಕಾದ ಮಾತು. ಸೇರುವ ಮಾತಿಗಿಂತ ಮೊದಲು ಬಿಡುವ ಮಾತು ಕಲಿಯಿರಿ.

ನಾನು ಶಾರ್ಜಾದಲ್ಲಿದ್ದಾಗ ಮನೆ ಪಕ್ಕದ ಒಂದು ಜಿಮ್‌ಗೆ ಇಡೀ ವರ್ಷದ ದುಡ್ಡು ಒಟ್ಟಿಗೇ ಕಟ್ಟಿದೆ. ನಾಲ್ಕನೇ ತಿಂಗಳಿಗೆ ಯಜಮಾನರಿಗೆ ಅಬುಧಾಬಿಗೆ ವರ್ಗ ಆಯಿತು. ಉಳಿದ ಎಂಟು ತಿಂಗಳ ದುಡ್ಡು ವಾಪಸ್ ಕೇಳೋಣ ಅಂತ ಹೋದೆ. ಅಲ್ಲಿದ್ದಾಕೆ ಏನೂ ಮಾತಾಡದೆ ನನ್ನದೇ ರಸೀದಿ ತೆಗೆದು, ಅದರ ಕೆಳಗಿದ್ದ ಎರಡು ಪದದ ಮೇಲೆ ಬೆರಳಿಟ್ಟಳು. "ಗೈರ್ ಮುಸ್ತರದ್." ವಾಪಸ್ ಕೊಡುವುದಿಲ್ಲ ಅಂತ. ಅವತ್ತು ರಾತ್ರಿ ಆ ಚೀಟಿ ಹಿಡಿದು ತುಂಬಾ ಹೊತ್ತು ಕೂತಿದ್ದೆ. ಗೈರ್ ಅಂದರೆ ನಮ್ಮ ಗೈರುಹಾಜರಿಯ ಗೈರು, ಅಲ್ಲ ಅಥವಾ ಇಲ್ಲ ಅಂತ. ಮುಸ್ತರದ್ ಒಳಗೆ ಇರುವುದು ನಮ್ಮ ರದ್ದು. ಅರಬ್ಬಿಯಲ್ಲಿ ರದ್ ಅಂದರೆ ಹಿಂದಿರುಗಿಸುವುದು. ಎರಡೂ ಪದ ನಾನು ಚಿಕ್ಕಂದಿನಿಂದ ಆಡಿದ ಪದಗಳೇ. ಸಹಿ ಹಾಕುವ ಮೊದಲು ಯಾರಾದರೂ ಇದನ್ನು ತೋರಿಸಿಕೊಟ್ಟಿದ್ದರೆ ತಿಂಗಳ ಲೆಕ್ಕದಲ್ಲೇ ಸೇರುತ್ತಿದ್ದೆ. ಹಾಗಾಗಿ ನಿಮಗೆ ತೋರಿಸುತ್ತಿದ್ದೇನೆ.

ಕೇಳಬೇಕಾದ್ದು ಇಷ್ಟು. "ಅಗ್ದರ್ ಅಲ್ಗೀ?" ಅಂದರೆ ನಾನು ಇದನ್ನು ರದ್ದು ಮಾಡಬಹುದಾ ಅಂತ. ಫಾರಂನಲ್ಲಿ ಇದು "ಇಲ್ಗಾ" ಅಂತ ಇರುತ್ತದೆ. "ತಜ್ದೀದ್ ತಿಲ್ಕಾಈ" ಅಂತ ಬರೆದ ಕಡೆ ಟಿಕ್ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಮುದ್ದತು ಮುಗಿದ ಮೇಲೆ ತಾನೇ ನವೀಕರಣ ಆಗುವುದು ಅಂತ ಅದರ ಅರ್ಥ, ಕಾರ್ಡಿನಿಂದ ದುಡ್ಡು ಹೋಗುತ್ತಲೇ ಇರುತ್ತದೆ. ರಜೆಗೆ ಊರಿಗೆ ಬರುವವರು ನೀವು, ಅದಕ್ಕೆ "ಫೀ ತಜ್ಮೀದ್? ಕಮ್ ಯೋಮ್?" ಅಂತಲೂ ಕೇಳಿ. ಚಂದಾವನ್ನು ಸ್ವಲ್ಪ ದಿನ ತಡೆಹಿಡಿಯುವ ವ್ಯವಸ್ಥೆ ಇದೆಯಾ, ಎಷ್ಟು ದಿನ ಅಂತ. ಕೆಲವು ಕಡೆ ಇರುತ್ತದೆ, ಆದರೆ ಕೇಳದೆ ಅವರಾಗಿ ಹೇಳುವುದು ಕಡಿಮೆ. ಕೊನೆಗೆ "ಅಬ್ಘಾ ನುಸ್ಖಾ ಮಿನ್ ಅಲ್-ಅಕ್ದ್" ಅಂತ ಕೇಳಿ ಕರಾರಿನ ಒಂದು ಪ್ರತಿ ಇಸಿದುಕೊಳ್ಳಿ.

ಸೌದಿಯಲ್ಲಿ ಹೆಂಗಸರ ಜಿಮ್‌ಗಳಿಗೆ ಪರವಾನಗಿ ಕೊಡಲು ಶುರು ಮಾಡಿದ್ದು 2017ರಲ್ಲಿ. ಈಗ ನಿಮ್ಮ ಮನೆ ಹತ್ತಿರವೇ ಒಂದು ಇದೆ ಅಂದರೆ ನನಗೆ ನಿಜಕ್ಕೂ ಖುಷಿ. ಸೇರಿ, ಬಿಡಬೇಡಿ.

ಪ್ರಶ್ನೆ: ಮೇಡಂ, ನಾನು ಭಟ್ಕಳದವನು, ಈಗ ಕುವೈತ್‌ನಲ್ಲಿದ್ದೇನೆ. ಚಿಕ್ಕಂದಿನಿಂದ ಕುರಾನ್ ಓದಿದ್ದೇನೆ, ಅರಬ್ಬಿ ಅಕ್ಷರ ನೀರು ಕುಡಿದ ಹಾಗೆ. ಆದರೆ ಈಜುಕೊಳಕ್ಕೆ ಸದಸ್ಯನಾಗಲು ಹೋದರೆ ಕೌಂಟರಿನವರ ಮಾತು ಒಂದೂ ತಲೆಗೆ ಹೋಗಲಿಲ್ಲ. ಪಕ್ಕದಲ್ಲಿದ್ದ ಒಬ್ಬ "ಅಬೀ ಅಶ್ತರಿಕ್" ಅಂದ. ಅಬೀ ಅಂದರೆ ನನ್ನ ತಂದೆ ಅಲ್ವಾ? ನಾನು ಕಲಿತದ್ದೇ ತಪ್ಪಾ?
– ಕುವೈತ್‌ನಿಂದ ಒಬ್ಬ ಯುವಕ

ಉತ್ತರ: ತಮ್ಮಾ, ನೀನು ಕಲಿತದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಬರೆಯುವ ಅರಬ್ಬಿ ಬೇರೆ, ಮನೆಯ ಅರಬ್ಬಿ ಬೇರೆ. ಗ್ರಂಥದ ಕನ್ನಡ ಮಾತ್ರ ಕಲಿತು ಬಂದವನನ್ನು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟರೆ ಏನಾಗುತ್ತದೆ ಯೋಚಿಸು. ಅಬೀ ಅಂದರೆ ನನ್ನ ತಂದೆ, ಸರಿ. ಆದರೆ ಕುವೈತ್‌ನವರ ಬಾಯಲ್ಲಿ "ನನಗೆ ಬೇಕು" ಅನ್ನುವುದೂ ಅಬೀ. ಸೌದಿಯ ಅಬ್ಘಾ ಇಲ್ಲಿ ಸವೆದು ಅಬೀ ಆಗಿದೆ. ಎಮಿರೇಟ್ಸ್‌ನಲ್ಲಿ "ಅಬಾ".

ಇನ್ನೂ ಎರಡು ಗುಟ್ಟು ಹಿಡಿದುಕೋ. ಒಂದು, ಬಹಳ ಪದಗಳಲ್ಲಿ ಕಾಫ್ ಅಕ್ಷರ ಗಂಟಲಿನ ಕ ಆಗಿ ಕೇಳಿಸುವುದಿಲ್ಲ, ಗ ಆಗುತ್ತದೆ. ಕಲಮ್ ಹೋಗಿ ಗಲಮ್. ಇನ್ನೊಂದು, ಸಾದಾ ಕ ಎಷ್ಟೋ ಕಡೆ ಚ ಆಗುತ್ತದೆ. ಎಷ್ಟು ಅಂತ ಕೇಳುವ "ಕಮ್" ಕುವೈತ್‌ನಲ್ಲಿ "ಚಮ್". ಇವೆರಡು ಗೊತ್ತಾದರೆ ನಿನ್ನ ಕಿವಿ ಅರ್ಧ ತೆರೆದ ಹಾಗೆ. ಅವರು "ಅಲ್-ಬಿತಾಕಾ ಅಲ್-ಮದನಿಯ್ಯಾ" ಕೇಳಿದರೆ ನಿನ್ನ ಸಿವಿಲ್ ಐಡಿ ಕೊಡು. ಫಾರಂ ಓದುವ ಕೆಲಸ ನಿನಗೆ ಬಿಟ್ಟದ್ದು, ಅದು ಪೂರ್ತಿ ನೀನು ಕಲಿತ ಅರಬ್ಬಿಯಲ್ಲೇ ಇರುತ್ತದೆ. ಅಲ್ಲಿ ಓದಲು ಬಾರದೆ ಸಹಿ ಹಾಕುವ ನಮ್ಮ ಹುಡುಗರು ಎಷ್ಟೋ ಜನ ಇದ್ದಾರೆ, ಬಿಡುವಿದ್ದಾಗ ಅವರ ಜೊತೆ ಹೋಗಿ ಬಾ.

ಪ್ರಶ್ನೆ: ನಾನು ಕಲಬುರಗಿಯವನು, ದೋಹಾದಲ್ಲಿದ್ದೇನೆ. ನನ್ನ ಹೆಸರು ಪ್ರಕಾಶ್. ಲೈಬ್ರರಿ ಕಾರ್ಡಿಗೆ ಹೆಸರನ್ನು ಅರಬ್ಬಿಯಲ್ಲಿ ಬರೆದವರು "ಬ್ರಾಕಾಶ್" ಅಂತ ಮಾಡಿದ್ದಾರೆ. ತಿದ್ದಿಸಬೇಕಾ? ಅಪ್ಪನ ಹೆಸರು, ಅಜ್ಜನ ಹೆಸರು ಯಾಕೆ ಕೇಳುತ್ತಾರೆ?

ಉತ್ತರ: ತಿದ್ದಿಸಬೇಡಿ. ಅರಬ್ಬಿಯಲ್ಲಿ ಪ ಇಲ್ಲ, ಅದಕ್ಕೆ ಬ ಬರೆಯುತ್ತಾರೆ. ನಿಮ್ಮ ಕತಾರ್ ಐಡಿಯಲ್ಲಿ ಅರಬ್ಬಿ ಹೆಸರು ಹೇಗಿದೆಯೋ ಎಲ್ಲ ಕಡೆ ಹಾಗೇ ಇರಲಿ, ಅಕ್ಷರ ಬೇರೆ ಆದರೆ ಮುಂದೆ ಓಡಾಟ ಜಾಸ್ತಿ. ಅಲ್ಲಿನವರ ಹೆಸರಿನ ಸರಪಳಿಯೇ ಮಗ, ಅಪ್ಪ, ಅಜ್ಜ ಅಂತ ಸಾಗುತ್ತದೆ. "ಅಲ್-ಇಸ್ಮ್ ಅಲ್-ಅವ್ವಲ್" ಅಂದರೆ ಮೊದಲ ಹೆಸರು (ನಿಮ್ಮ ಕಡೆ ಅವ್ವಲ್ ಕಾರಕೂನ ಅನ್ನುವುದು ಕೇಳಿದ್ದೀರಲ್ಲ), "ಇಸ್ಮ್ ಅಲ್-ಅಬ್" ಅಪ್ಪನದು, "ಇಸ್ಮ್ ಅಲ್-ಜದ್" ಅಜ್ಜನದು. ಅಜ್ಜನ ಹೆಸರು ನಿಮ್ಮ ಪಾಸ್‌ಪೋರ್ಟಿನಲ್ಲಿ ಇಲ್ಲದಿದ್ದರೆ ಆ ಜಾಗದಲ್ಲಿ ಏನು ಬರೆಯಬೇಕು ಅಂತ ಕೌಂಟರಿನಲ್ಲೇ ಕೇಳಿ, ನೀವಾಗಿ ಸೇರಿಸಬೇಡಿ.

ಇನ್ನೊಂದು ಕಡೆ ಜನ ಎಡವುತ್ತಾರೆ. "ಅಲ್-ಜಿನ್ಸ್" ಅಂದರೆ ಗಂಡೋ ಹೆಣ್ಣೋ ಅಂತ. "ಅಲ್-ಜಿನ್ಸಿಯ್ಯಾ" ಅಂದರೆ ಯಾವ ದೇಶ ಅಂತ. ಅಲ್ಲಿ "ಹಿಂದಿ" ಅಂತ ಬರೆದರೆ ಭಾರತದವನು ಅಂತ ಅರ್ಥ, ಭಾಷೆಗೆ ಸಂಬಂಧವಿಲ್ಲ. ಮತ್ತೆ, ಸಹಿ ಎಲ್ಲಿ ಹಾಕಲಿ ಅಂತ ಕೇಳುವಾಗ ನಮ್ಮ "ಸಹಿ" ಬಳಸಬೇಡಿ. ಅದೂ ಅರಬ್ಬಿಯಿಂದ ಬಂದ ಪದವೇ, ಆದರೆ ಅವರಿಗೆ ಅದು ಸರಿ ಅಂತ ಕೇಳಿಸುತ್ತದೆ. "ವೇನ್ ಅತ್-ತೌಕೀ?" ಅನ್ನಿ.

ಪ್ರಶ್ನೆ: ರಸೀದಿಯಲ್ಲಿ ಅಂಕಿಗಳನ್ನು ಅರಬ್ಬಿಯಲ್ಲಿ ಕೈಬರಹದಲ್ಲಿ ಬರೆದುಕೊಡುತ್ತಾರೆ. ಸುಲಭವಾಗಿ ನೆನಪಿಟ್ಟುಕೊಳ್ಳುವುದು ಹೇಗೆ?
– ರಿಯಾದ್‌ನಿಂದ ಒಬ್ಬ ತಾಯಿ

ಉತ್ತರ: ಐದು ಮತ್ತು ಸೊನ್ನೆ, ಇವೆರಡೇ ಮುಖ್ಯ. ಅವರ ಐದು ನಮ್ಮ ಕನ್ನಡದ ೦ ಇದ್ದ ಹಾಗೆ ದುಂಡಗೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಹಾಗಾಗಿ ಒಂದು ದುಂಡು, ಪಕ್ಕದಲ್ಲಿ ಒಂದು ಚುಕ್ಕೆ ಕಂಡರೆ ಅದು 50. ಅವರ ಆರು ನೋಡಲು ಇಂಗ್ಲಿಷಿನ 7ರ ಹಾಗೆ, ಇದೊಂದರಲ್ಲಿ ಹುಷಾರು. ಏಳು ಅಂದರೆ ಇಂಗ್ಲಿಷಿನ ವಿ, ಎಂಟು ಅಂದರೆ ಅದೇ ವಿ ತಲೆಕೆಳಗಾಗಿ. ಒಂದು ಮತ್ತು ಒಂಬತ್ತು ನಮಗೆ ಗೊತ್ತಿರುವ ಆಕಾರವೇ. ಅಕ್ಷರ ಬಲದಿಂದ ಎಡಕ್ಕೆ ಓಡಿದರೂ ಅಂಕಿಯನ್ನು ನಮ್ಮ ಹಾಗೆ ಎಡದಿಂದ ಬಲಕ್ಕೇ ಓದಬೇಕು. ಮನೆಯಲ್ಲಿರುವ ಹಾಲಿನ ಡಬ್ಬ, ಮೊಸರಿನ ಡಬ್ಬ ತೆಗೆದು ನೋಡಿ. ತಾರೀಖು ಅರಬ್ಬಿ, ಇಂಗ್ಲಿಷ್ ಎರಡೂ ಅಂಕಿಯಲ್ಲಿ ಅಚ್ಚಾಗಿರುವ ಡಬ್ಬ ಸಿಕ್ಕರೆ ಎತ್ತಿಟ್ಟುಕೊಳ್ಳಿ, ಮಕ್ಕಳ ಜೊತೆ ಕೂತು ಒಂದಕ್ಕೊಂದು ಹೊಂದಿಸಿ.

ಪ್ರಶ್ನೆ: ಸದಸ್ಯತ್ವ ಮಂಜೂರಾಗಿದೆ ಅಂತ ಯಾರೋ ಅರಬ್ಬಿಯಲ್ಲಿ ಫೋನ್ ಮಾಡಿ "ರಮ್ಜ್, ರಮ್ಜ್" ಅಂತ ಕೇಳುತ್ತಾರೆ. ಏನದು?

ಉತ್ತರ: ರಮ್ಜ್ ಅಂದರೆ ನಿಮ್ಮ ಮೊಬೈಲಿಗೆ ಬರುವ ಗುಪ್ತ ಸಂಖ್ಯೆ, ಒಟಿಪಿ. ನೀವೇ ಕೌಂಟರಿನಲ್ಲಿ ನಿಂತು ಅರ್ಜಿ ಹಾಕುತ್ತಿರುವಾಗ ಬಂದದ್ದಾದರೆ, ಮೊದಲು ಮೆಸೇಜು ಪೂರ್ತಿ ಓದಿ, ಅದು ಇದಕ್ಕೇ ಬಂದದ್ದು ಅಂತ ಖಾತ್ರಿ ಮಾಡಿಕೊಂಡು ನಿಮ್ಮ ಕೈಯಾರೆ ಒತ್ತಿ. ಫೋನಿನಲ್ಲಿ ಕೇಳಿದರೆ ಯಾರಿಗೂ ಹೇಳಬೇಡಿ. "ಲಾ, ಶುಕ್ರನ್" (ಬೇಡ, ಧನ್ಯವಾದ) ಅಂದು ಫೋನ್ ಇಡಿ.