ಕುಡಿತ ಬಿಟ್ಟಾರ, ಸಾಲ ಮಾತ್ರ ಏರಾಕತ್ತೇತಿ

ಪ್ರಶ್ನೆ: ನಮಸ್ಕಾರ್ರಿ. ನಮ್ಮ ಮನೆಯವರು ಕುಡಿಯೂದು ಬಿಟ್ಟು ನಾಕು ತಿಂಗಳಾತು. ಆದ್ರ ಪಗಾರ ಹತ್ತನೇ ತಾರೀಕಿಗೇ ಖಾಲಿ ಆಗ್ತದ. ರಾತ್ರಿ ಎರಡರ ತನಕಾ ಮೊಬೈಲ್ ಹಿಡಕೊಂಡು ಕುಂತಿರ್ತಾರ. ಕೇಳಿದ್ರ "ಕುಡಿಯೂದು ಬಿಟ್ಟೇನಲ್ಲ, ಮತ್ತೇನ ಬೇಕು" ಅಂತ ಸಿಟ್ಟಾಗ್ತಾರ. ನನ್ನ ಬಿಲ್ವಾರ ಅಡವಿಟ್ಟಿದ್ದು ಮೊನ್ನೆ ಗೊತ್ತಾತು. ಇದೂ ಒಂದ ರೋಗ ಏನ್ರಿ?
— ರಾಣೆಬೆನ್ನೂರಿನ ಓದುಗರು

ಉತ್ತರ: ಅಕ್ಕಾರ, ನೀವು ಹೇಳಿದ್ದು ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಜೂಜಿನ ಗುರುತಿನಂತೆ ಕಾಣುತ್ತದೆ. ಹೌದು, ಇದೂ ಒಂದು ರೋಗ ಇರಬಹುದು. ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಅಮೆರಿಕದ ಡಿಎಸ್‌ಎಂ-5 ಕೈಪಿಡಿ ಜೂಜಿನ ಕಾಯಿಲೆಯನ್ನು ಕುಡಿತ ಮತ್ತು ಮಾದಕ ವಸ್ತುಗಳ ವ್ಯಸನದ ಸಾಲಿನಲ್ಲೇ ಇಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಆನ್‌ಲೈನ್ ಜೂಜಿಗೆ ಪ್ರತ್ಯೇಕ ಸಂಕೇತ ಸಂಖ್ಯೆಯೇ ಇದೆ. ಕುಡಿತ ನಿಂತಾಗ ಸಂಜೆ ಹೊತ್ತು ಖಾಲಿ ಬೀಳುತ್ತದೆ, ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಕೆಲವರಲ್ಲಿ ಆ ಜಾಗಕ್ಕೆ ಆಟ ಬಂದು ಕೂರುತ್ತದೆ. ಇನ್ನು ಕೆಲವರಲ್ಲಿ ಆಟ ಮೊದಲಿನಿಂದಲೂ ಇತ್ತು, ಕುಡಿತದ ಗದ್ದಲದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ರಾತ್ರಿ ಜಗಳದ ನಡುವೆ ಕೇಳಬೇಡಿ. ಬೆಳಗ್ಗೆ ಚಹಾ ಹೊತ್ತಿಗೆ ಎರಡೇ ಪ್ರಶ್ನೆ ಕೇಳಿ: ಆಟಕ್ಕೆ ಹಚ್ಚುವ ರೊಕ್ಕ ಬರಬರುತ್ತ ಹೆಚ್ಚು ಬೇಕು ಅನ್ನಿಸಿದೆಯೇ? ಎಷ್ಟು ಆಡಿದ್ದೀರಿ ಎಂಬುದನ್ನು ನಮ್ಮ ಮುಂದೆ ಮುಚ್ಚಿಡಬೇಕಾಗಿ ಬಂದಿದೆಯೇ? ಒಂದಕ್ಕೆ ಹೌದು ಎಂದರೂ ಮುಂದಿನ ತಪಾಸಣೆ ಬೇಕು. ಒಪ್ಪಿದರೆ ಇಬ್ಬರೂ ಕೂಡಿ ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ. ರಾತ್ರಿ 11.40ಕ್ಕೆ 200, 11.52ಕ್ಕೆ 500, 12.05ಕ್ಕೆ 1,000, 12.09ಕ್ಕೆ 2,000: ಹೀಗೆ ನಿಮಿಷಗಳ ಅಂತರದಲ್ಲಿ ಮೊತ್ತ ಏರುತ್ತ ಹೋಗಿದ್ದರೆ, ಹೋದದ್ದನ್ನು ಹಿಂದಕ್ಕೆ ತರಲು ಆಡಿದ ಗುರುತು ಅದು. ನಡುವೆ ಸಾಲದ ಆ್ಯಪ್‌ನಿಂದ ಜಮೆಯಾದ ಹಣವಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಸಾಲವನ್ನೆಲ್ಲ ನೀವೇ ಒಂದೇ ಸಲ ತೀರಿಸಲು ಹೋಗಬೇಡಿ. ಚಿಕಿತ್ಸೆ ಶುರುವಾಗುವ ಮುನ್ನ ಸಾಲ ತೀರಿತೆಂದರೆ ಮತ್ತೆ ಆಡಲು ದಾರಿ ಬಿಟ್ಟುಕೊಟ್ಟ ಹಾಗೆ. ಬಿಲ್ವಾರದ ಅಡವು ರಸೀದಿಯ ಗಡುವು ಮಾತ್ರ ನೋಡಿ, ದಾಟಿದರೆ ಹರಾಜಿಗೆ ಹೋಗುತ್ತದೆ. ಅವರು ಒಪ್ಪಿದರೆ ಪಗಾರ ಜಂಟಿ ಖಾತೆಗೆ ಬರಲಿ, ಯುಪಿಐ ದಿನದ ಮಿತಿಯನ್ನು ಬ್ಯಾಂಕಿನಲ್ಲಿ ಕೇಳಿ ಇಳಿಸಿಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. ಕುಡಿತ, ಜೂಜು, ಸಾಲ ಮೂರೂ ಕೂಡಿದ ಮನೆಯಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. "ನಾ ಇದ್ದರೇನು, ಹೋದರೇನು" ಎಂಬ ಮಾತು ಬಂದರೆ ಬೆಳೆಗೆ ಹೊಡೆಯುವ ಔಷಧಿ ಡಬ್ಬಿಯನ್ನು ಅಂದೇ ಮನೆಯಿಂದ ಆಚೆ ಸಾಗಿಸಿ, ಅವರನ್ನು ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೇರ ತಪಾಸಣೆಗೆ ಹಾವೇರಿ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಆಡಿದ್ದು ಹೇಳಿದರೆ ಪೊಲೀಸರು ಬರುತ್ತಾರೆ ಎಂಬ ಅಂಜಿಕೆಯಿಂದ ಎಷ್ಟೋ ಮಂದಿ ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ ಶಿಕ್ಷೆ ಇಟ್ಟಿದೆ, ಆಡಿ ಕಳೆದುಕೊಂಡವರಿಗಲ್ಲ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆಸ್ಪತ್ರೆಯ ಮೇಲೆ ಹೊರಿಸಿದೆ.

ಪ್ರಶ್ನೆ: ನಾನು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ನಮ್ಮ ದಾಖಲಾತಿ ಫಾರ್ಮಿನಲ್ಲಿ "ಜೂಜಿನ ಅಭ್ಯಾಸ ಇದೆಯೇ?" ಎಂಬ ಒಂದೇ ಪ್ರಶ್ನೆ ಇದೆ, ಹೆಚ್ಚುಕಡಿಮೆ ಎಲ್ಲರೂ "ಇಲ್ಲ" ಎಂದೇ ಬರೆಸುತ್ತಾರೆ. ಗುರುತಿಸುವುದು ಹೇಗೆ? ಯಾವುದು ಕುಡಿತದ ಲಕ್ಷಣ, ಯಾವುದು ಜೂಜಿನದು?
— ಧಾರವಾಡದ ಓದುಗರು

ಉತ್ತರ: ತಪ್ಪು ಆ ಪ್ರಶ್ನೆಯಲ್ಲೇ ಇದೆ. ಓಸಿ, ಅಂದರೆ ಮಟ್ಕಾ ನಂಬರ್, ಬರೆಸುವವರು ಅದನ್ನು ಜೂಜು ಎನ್ನುವುದಿಲ್ಲ, "ನಂಬರ್ ಹಚ್ಚತೇನಿ" ಎನ್ನುತ್ತಾರೆ. ರಮ್ಮಿ ಆಡುವವರಿಗೆ ಅದು ಬುದ್ಧಿಯ ಆಟ, ದೀಪಾವಳಿಯ ಇಸ್ಪೀಟು ಪದ್ಧತಿ. ಆದ್ದರಿಂದ ಒಂದೊಂದೇ ಹೆಸರು ಹಿಡಿದು ಕೇಳಿ: ಓಸಿ, ಅಂದರ್-ಬಾಹರ್, ಮೊಬೈಲ್ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್. "ಆಡ್ತೀರೇನು?" ಎಂದರೆ ಇಲ್ಲ ಎನ್ನುವುದು ಸುಲಭ. "ಕೊನೇ ಸಲ ಯಾವಾಗ ಹಚ್ಚಿದ್ರಿ, ಎಷ್ಟು?" ಎಂದು ಕೇಳಿದರೆ ಉತ್ತರ ಬರುತ್ತದೆ. ಹೆಂಡತಿ, ತಾಯಿ ಪಕ್ಕದಲ್ಲಿದ್ದಾಗ ಕೇಳಬೇಡಿ.

ದಾಖಲಾದ ದಿನ ಹೆಸರು ಹಿಡಿದು ಕೇಳುವ ಈ ಪ್ರಶ್ನೆ, ಸಾಲ, ಸಾಯುವ ವಿಚಾರ, ಇಷ್ಟು ಸಾಕು. ಕುಡಿತ ನಿಲ್ಲಿಸಿದ ಮೊದಲ ವಾರ ಕೈನಡುಕ, ನಿದ್ದೆಗೇಡು, ಕೆಲವರಿಗೆ ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ. ಆಗ ತಾರೀಕು, ಲೆಕ್ಕ ಯಾವುದೂ ನೆಟ್ಟಗೆ ಸಿಗದು. ಪೂರ್ಣ ತಪಾಸಣೆ ಎರಡು ವಾರದ ನಂತರ ಮಾಡಿ. ಬಿಡುಗಡೆಯ ಬಳಿಕ ಒಂದು, ಮೂರು, ಆರು ತಿಂಗಳಿಗೆ ಮತ್ತೆ ಕೇಳಿ. ಆಟ ಕುಡಿತದ ಜಾಗಕ್ಕೆ ಬರುವುದು ಬಹಳ ಸಲ ಆಮೇಲೆಯೇ.

ಡಿಎಸ್‌ಎಂ-5ರಲ್ಲಿ 9 ಲಕ್ಷಣಗಳಿವೆ. 12 ತಿಂಗಳೊಳಗೆ 4 ಇದ್ದರೆ ಕಾಯಿಲೆ. 4–5 ಸೌಮ್ಯ, 6–7 ಮಧ್ಯಮ, 8–9 ತೀವ್ರ. ಇವುಗಳಲ್ಲಿ ಕುಡಿತದೊಂದಿಗೆ ಕಲಸಿಹೋಗುವವು ಹಲವು: ಸುಳ್ಳು ಹೇಳುವುದು, ಕೆಲಸ ಅಥವಾ ಸಂಬಂಧ ಕೆಡುವುದು, ಬಿಡಲು ಹೋಗಿ ಸೋಲುವುದು, ಬೇಸರವಾದಾಗ ಅದಕ್ಕೇ ಕೈಹಾಕುವುದು, ನಿಲ್ಲಿಸಿದಾಗ ಚಡಪಡಿಕೆ. ಪ್ರತಿಯೊಂದಕ್ಕೂ "ಇದು ಕುಡಿಯಲಿಕ್ಕೋ, ಆಟಕ್ಕೋ?" ಎಂದು ಮರುಪ್ರಶ್ನೆ ಹಾಕಿ, ಆಟಕ್ಕೆಂದು ಸ್ಪಷ್ಟವಾದದ್ದನ್ನಷ್ಟೇ ಎಣಿಸಿ. ಕುಡಿತದ ಚಡಪಡಿಕೆ ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಯುತ್ತದೆ. ಅದು ಇಳಿದ ಮೇಲೂ ನಂಬರ್ ಬೀಳುವ ಹೊತ್ತಿಗೆ, ಟಾಸ್ ಹೊತ್ತಿಗೆ ವಾರ್ಡಿನಲ್ಲಿ ಎದ್ದು ತಿರುಗಾಡುವವರಿದ್ದರೆ ಆಟದ ಸೆಳೆತವನ್ನು ನೆನೆಯಿರಿ. ಕುಡಿತದಲ್ಲಿ ಜೋಡಿಯೇ ಇಲ್ಲದ ಲಕ್ಷಣ ಒಂದಿದೆ: ಹೋದ ರೊಕ್ಕ ಹಿಂದಕ್ಕೆ ತರಲು ಮರುದಿನ ಮತ್ತೆ ಆಡುವುದು. ನಮ್ಮ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಒಂದು ಗೋಡೆ ಕ್ಯಾಲೆಂಡರ್. ದಾಖಲಾಗುವ ಹಿಂದಿನ 90 ದಿನ ತೆರೆದಿಡಿ. ಮೊದಲು ಪಗಾರದ ದಿನ, ಸಂತೆ, ಹಬ್ಬ, ಊರ ಜಾತ್ರೆ ಗುರುತಿಸಿ, ನೆನಪಿಗೆ ಅವು ಗೂಟ. ಆಮೇಲೆ ನೀಲಿ ಪೆನ್ನಿನಲ್ಲಿ ಕುಡಿದ ದಿನ ಮತ್ತು ಪ್ರಮಾಣ, ಕೆಂಪಿನಲ್ಲಿ ಆಡಿದ ದಿನ, ಹಚ್ಚಿದ ಮೊತ್ತ, ಹೋದ ಮೊತ್ತ. ನೀಲಿ ಇಲ್ಲದ ದಿನವೂ ಕೆಂಪು ಕಂಡರೆ ಆಟ ತನ್ನ ಕಾಲ ಮೇಲೆ ನಿಂತಿದೆ. ಕೆಂಪಿನ ಮರುದಿನವೇ ಗಾಢ ನೀಲಿ ಬರುತ್ತಿದ್ದರೆ ಸೋತು ಕುಡಿಯುತ್ತಿದ್ದಾರೆ, ಅಂಥವರಿಗೆ ಬರೀ ಕುಡಿತದ ಚಿಕಿತ್ಸೆ ಕೊಟ್ಟರೆ ಮತ್ತೆ ಕುಡಿತಕ್ಕೆ ಜಾರುವುದು ಸಹಜ.

ಜೊತೆಗೆ ದುಡ್ಡಿನ ಹಾಳೆ. ತಿಂಗಳ ಆದಾಯ 18,000, ಮನೆಗೆ 8,000, ದಿನಕ್ಕೆ 150ರಂತೆ ಕುಡಿತಕ್ಕೆ 4,500 ಎಂದಿಟ್ಟುಕೊಳ್ಳಿ. ಉಳಿಯಬೇಕಾದದ್ದು 5,500. ಅದೂ ಇಲ್ಲ, ಮೇಲೆ 40,000 ಕೈಗಡ ಬೇರೆ. ಆ ಕೈಗಡ ಎಲ್ಲಿಗೆ ಹೋಯಿತು ಎಂದು ಕೇಳಿ.

ಅಳತೆಗೋಲುಗಳಲ್ಲಿ 1987ರ ಸೌತ್ ಓಕ್ಸ್ ಪ್ರಶ್ನಾವಳಿ ಹಳೆಯದು. 20 ಅಂಕ, 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಶಂಕೆ. ಆದರೆ ಅದರ 9 ಅಂಕ ರೊಕ್ಕ ಎಲ್ಲಿಂದ ಸಾಲ ತಂದಿರಿ ಎಂಬುದರ ಮೇಲೇ ನಿಂತಿವೆ. ಕುಡಿಯಲು ಸಾಲ ಮಾಡಿದವರು ಅದನ್ನೂ ಇಲ್ಲಿ ಸೇರಿಸಿದರೆ ಅಂಕ ಸುಳ್ಳಾಗಿ ಏರುತ್ತದೆ. ಆದ್ದರಿಂದ ಅದನ್ನು ರೋಗಿಯ ಕೈಗೆ ಕೊಡದೆ ನೀವೇ ಓದಿ ಹೇಳಿ ತುಂಬಿ. ಅಂಕ ಬಂದರೆ ರೋಗ ಖಚಿತವಾಯಿತು ಎಂದಲ್ಲ, ಖಚಿತಪಡಿಸುವುದು ಮನೋವೈದ್ಯರ ಸಂದರ್ಶನ.

ಎರಡು ಸಂಗತಿ ಬಿಟ್ಟುಹೋಗಬಾರದು. ನಿದ್ದೆ ಬೇಡದ, ಮಾತು ನಿಲ್ಲದ ಉನ್ಮಾದದ ದಿನಗಳಲ್ಲಷ್ಟೇ ಆಡುವವರಿಗೆ ಈ ರೋಗದ ಹೆಸರು ಸಲ್ಲದು, ಉನ್ಮಾದಕ್ಕೆ ಚಿಕಿತ್ಸೆ ಬೇಕು. ಪಾರ್ಕಿನ್ಸನ್‌ಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್, ಮನೋರೋಗಕ್ಕೆ ಕೊಡುವ ಅರಿಪಿಪ್ರಜೋಲ್ ಕೆಲವರಲ್ಲಿ ಜೂಜಿನ ಸೆಳೆತ ಹುಟ್ಟಿಸುತ್ತವೆ. ಮಾತ್ರೆ ಶುರುವಾದ ತಾರೀಕನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ತಾವಾಗಿ ನಿಲ್ಲಿಸಲು ಮಾತ್ರ ಹೇಳಬೇಡಿ.

ಪ್ರಶ್ನೆ: ನಾ ಕುಡಿದಾಗಷ್ಟ ಬೆಟ್ಟಿಂಗ್ ಆಡ್ತೇನ್ರಿ. ಅಂದ್ರ ಕುಡಿಯೂದು ಬಿಟ್ರ ಸಾಕಲ್ಲ?
— ಗದಗಿನ ಓದುಗರು

ಉತ್ತರ: ಸಾಕಾಗಬಹುದು, ಆದರೆ ನೋಡಿಯೇ ಹೇಳಬೇಕು, ತಮ್ಮಾ. ನಾಲ್ಕು ವಾರ ಪೂರ್ತಿ ಬಿಟ್ಟು ಕ್ಯಾಲೆಂಡರ್ ಇಡು. ದಿನಾ ಕುಡಿಯುವವನಾಗಿದ್ದರೆ ಒಮ್ಮೆಲೇ ನಿಲ್ಲಿಸಬೇಡ, ಫಿಟ್ಸ್ ಬರಬಹುದು, ಮೊದಲು ಗದಗಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಹೋಗು. ಕುಡಿಯದ ದಿನವೂ ಮ್ಯಾಚ್ ದರ ನೋಡಲು ಕೈ ಹೋದರೆ ಎರಡಕ್ಕೂ ಚಿಕಿತ್ಸೆ ತಗೊ.

ಪ್ರಶ್ನೆ: ಅಣ್ಣನಿಗೆ ಕುಡಿತಕ್ಕೆಂದು ನಾಲ್ಟ್ರೆಕ್ಸೋನ್ ಕೊಡುತ್ತಿದ್ದಾರೆ. ಜೂಜಿಗೂ ಅದೇ ಸಾಕೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಜೂಜಿಗೆಂದೇ ಮಂಜೂರಾದ ಮಾತ್ರೆ ಇಲ್ಲ. ನಾಲ್ಟ್ರೆಕ್ಸೋನ್‌ನಿಂದ ಕೆಲವರಿಗೆ ಆಟದ ಸೆಳೆತ ತಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ, ಎರಡೂ ಇರುವವರಿಗೆ ವೈದ್ಯರು ಅದನ್ನು ಆರಿಸುವುದಕ್ಕೆ ಅದೇ ಕಾರಣ. ಜೊತೆಗೆ ಯೋಚನೆ, ನಡವಳಿಕೆ ತಿದ್ದುವ ಆಪ್ತಸಮಾಲೋಚನೆ ಬೇಕೇ ಬೇಕು, ಜೂಜಿಗೆ ಮುಖ್ಯ ಮದ್ದು ಅದೇ. ಯಕೃತ್ತಿನ ರಕ್ತಪರೀಕ್ಷೆ ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ಮಾಡಿಸಿ. ಅಣ್ಣ ಅಫೀಮಿನ ಜಾತಿಯ ನೋವಿನ ಮಾತ್ರೆ, ಟ್ರಮಡಾಲ್ ಅಥವಾ ಟಪೆಂಟಡಾಲ್ ನುಂಗುತ್ತಿದ್ದರೆ ಅದು ನಿಂತು 7ರಿಂದ 10 ದಿನ ಆಗದೆ ನಾಲ್ಟ್ರೆಕ್ಸೋನ್ ಕೊಡುವಂತಿಲ್ಲ, ಮೈಕೈ ನೋವು, ವಾಂತಿ, ಭೇದಿ ಒಮ್ಮೆಲೇ ಕಿತ್ತುಕೊಂಡು ಬರುತ್ತವೆ. ಮುಂದಿನ ಭೇಟಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳ ಸ್ಟ್ರಿಪ್, ಖಾಲಿಯಾದವೂ ಸೇರಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಇಡಿ.