ಕುಂಯ್ ಅನ್ನದ ನಾಯಿಗೂ ಕೀಲು ನೋಯುತ್ತದೆ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಒಂಬತ್ತು ವರ್ಷ. ಈ ಮಳೆಗಾಲದಿಂದ ಜಗುಲಿ ಹತ್ತುವುದನ್ನೇ ಬಿಟ್ಟಿದ್ದಾನೆ. ಊಟಕ್ಕೆ ತೊಂದರೆ ಇಲ್ಲ, ಬಾಲ ಆಡಿಸುತ್ತಾನೆ, ಕಾಲು ಮುಟ್ಟಿದರೆ ಕುಂಯ್ ಅನ್ನುವುದಿಲ್ಲ. ವಯಸ್ಸಾಗಿ ಸೋಮಾರಿಯಾಗಿದ್ದಾನೆ, ಅಷ್ಟೇ ಅಲ್ಲವೇ? (ಶಿರಸಿ ತಾಲ್ಲೂಕಿನಿಂದ)

ಉತ್ತರ: ಅಲ್ಲ. ಮಳೆ ಹಿಡಿಯಿತೆಂದರೆ ಈ ಪತ್ರ ಬರುತ್ತದೆ, ನಾಯಿಯ ತಳಿ ಮಾತ್ರ ಬೇರೆ. ಸೋಮಾರಿತನ ಎಂಬ ಕಾಯಿಲೆ ನಾಯಿಗಿಲ್ಲ. ಹಳೆಯ ಕೀಲುನೋವಿಗೆ ನಾಯಿ ಅಳುವುದಿಲ್ಲ, ನೋಯುವ ಕೆಲಸವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೊದಲು ಜೀಪು ಹತ್ತುವುದು, ಆಮೇಲೆ ಜಗುಲಿ, ಕೊನೆಗೆ ಗೇಟಿನವರೆಗೆ ಓಡುವುದು. ಊಟ ಬಿಡುವವರೆಗೆ ಕಾಯುತ್ತ ಕೂತರೆ ತಡವಾದಂತೆಯೇ, ಅದರಲ್ಲೂ ಲ್ಯಾಬ್ರಡಾರ್ ಊಟ ಬಿಡುವುದೆಂದರೆ!

ಬೆಳಿಗ್ಗೆ ಅವನು ಮೊದಲ ಸಲ ಏಳುವಾಗ ನೋಡಿ. ಮುಂಗಾಲು ಊರಿ, ಹಿಂಭಾಗವನ್ನು ಎಳೆದು ಎಬ್ಬಿಸುತ್ತಾನೆಯೇ? ಬಿಗಿದ ನಡಿಗೆ ಎಷ್ಟು ಹೆಜ್ಜೆಗೆ ಸಡಿಲವಾಗುತ್ತದೆ? ನಡೆದಂತೆ ಸಡಿಲವಾದರೆ ಸಾಮಾನ್ಯವಾಗಿ ಕೀಲು ಸವೆತ. ನಡೆದಷ್ಟೂ ಕುಂಟು ಹೆಚ್ಚಿ, ಕೂರುವಾಗ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚಿದರೆ ಮಂಡಿಯ ಅಸ್ಥಿರಜ್ಜು (ಮೂಳೆಗಳನ್ನು ಜೋಡಿಸಿ ಹಿಡಿದಿಡುವ ಪಟ್ಟಿ) ಹರಿದಿರಬಹುದು. ಓಡುವಾಗ ಮೊಲದಂತೆ ಎರಡೂ ಹಿಂಗಾಲು ಜೋಡಿಸಿ ನೆಗೆದರೆ ಸೊಂಟದ ಕೀಲನ್ನು ಸಂಶಯಿಸಿ. ಮುಂಗಾಲು ನೋಯುತ್ತಿದ್ದರೆ, ನೋವಿಲ್ಲದ ಕಾಲು ನೆಲಕ್ಕೆ ಬಿದ್ದಾಗ ತಲೆ ಕೆಳಗೆ ಬಾಗುತ್ತದೆ. ಜನ ಇದನ್ನೇ ತಿರುಗಾಮುರುಗಾ ಮಾಡಿ ಸರಿಯಿರುವ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬರುತ್ತಾರೆ.

ಈಗ ಹಿಂಗಾಲಿನ ನಡುವಿನ ಎರಡು ಉಗುರು ನೋಡಿ. ಉಗುರಿನ ತುದಿ ಸವೆದಿದ್ದರೆ ಚಿಂತೆಯಿಲ್ಲ. ಮೇಲ್ಮೈ ಚಪ್ಪಟೆಯಾಗಿ ಉಜ್ಜಿಹೋಗಿದ್ದರೆ, ಸಿಮೆಂಟ್ ನೆಲದ ಮೇಲೆ ಸರ್ ಸರ್ ಸದ್ದು ಕೇಳಿಸುತ್ತಿದ್ದರೆ, ಅವನು ಪಾದ ಎಳೆಯುತ್ತಿದ್ದಾನೆ. ನಿಂತಿರುವಾಗ ಹೊಟ್ಟೆಗೆ ಕೈಯಾಸರೆ ಕೊಟ್ಟು, ಪಾದವನ್ನು ಮಡಿಸಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಂತ ನಾಯಿ ತಕ್ಷಣ ತಿರುಗಿಸಿಕೊಳ್ಳುತ್ತದೆ. ಅವನು ಪಾದವನ್ನು ಮಡಿಸಿದಂತೆಯೇ ಬಿಟ್ಟುಕೊಂಡರೆ ತೊಂದರೆ ಬೆನ್ನುಹುರಿಯಲ್ಲಿ ಇರಬಹುದು. ಅದೇ ದಿನ ವೈದ್ಯರಲ್ಲಿಗೆ ಹೋಗಿ. ಹೋಗುವ ಮೊದಲು ಸಮತಟ್ಟಾದ ಜಾಗದಲ್ಲಿ ಅವನ ನಡಿಗೆಯನ್ನು ಪಕ್ಕದಿಂದ, ಹಿಂದಿನಿಂದ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಗಾಬರಿಗೊಂಡ ನಾಯಿ ಕುಂಟುವುದನ್ನೂ ಮರೆಯುತ್ತದೆ.

ಮನೆಯಲ್ಲಿ ಮೊದಲು ತೂಕ ಇಳಿಸಿ. ಪಕ್ಕೆಲುಬು ಸವರಿದಾಗ ನಿಮ್ಮ ಅಂಗೈ ಹಿಂಭಾಗ ಸವರಿದಂತಿರಬೇಕು. ಅಂಗೈ ಸವರಿದಂತಿದ್ದರೆ ಕೊಬ್ಬು. ನೂರಕ್ಕೆ ಆರೆಂಟರಷ್ಟು ತೂಕ ಇಳಿದರೇ ಕುಂಟು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಉಳಿದ ದೋಸೆ, ತುಪ್ಪದನ್ನ ನಿಲ್ಲಿಸಿ. ರೆಡ್ ಆಕ್ಸೈಡ್ ನೆಲ, ಟೈಲ್ಸ್ ಎರಡೂ ಅವನಿಗೆ ಶತ್ರು: ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ತಳದ ಚಾಪೆ ಸಾಲಾಗಿ ಹಾಸಿ, ಪಾದದಡಿಯ ಮೆತ್ತೆಗಳ ನಡುವಿನ ಕೂದಲು ಕತ್ತರಿಸಿ. ಹಾಸಿಗೆ ನಾಲ್ಕು ಇಂಚಿನ ಫೋಮ್ ಇರಲಿ, ಥಂಡಿ ನೆಲದಿಂದ ಮೇಲಿರಲಿ. ಒಂದೂವರೆ ಅಡಿ ಜಗುಲಿಗೆ ಐದಡಿ ಉದ್ದದ ಹಲಗೆ ಇಳಿಜಾರಾಗಿಟ್ಟು ಮೇಲೆ ನಾರಿನ ಚಾಪೆ ಹೊಡೆಯಿರಿ. ಅಡಿಕೆ ದಬ್ಬೆ ಬೇಡ. ಮಳೆಗೆ ಜಾರುತ್ತದೆ, ಸಂದಿಯಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ದಿನಕ್ಕೆರಡು ಸಲ ಹದಿನೈದು ನಿಮಿಷ ನಡೆಸಿ. ವಾರವೆಲ್ಲ ಕಟ್ಟಿಹಾಕಿ ಭಾನುವಾರ ಒಂದು ತಾಸು ಓಡಿಸಿದರೆ ಸೋಮವಾರ ಅವನು ಏಳುವುದಿಲ್ಲ.

ಮೆಡಿಕಲ್ ಶಾಪಿನಿಂದ ನಿಮ್ಮ ಮಂಡಿನೋವಿನ ಮಾತ್ರೆ ತಂದು ಅರ್ಧ ಮಾಡಿ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫಿನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸುರಿಯುತ್ತಿದೆ ಎಂದೇ ತಿಳಿಯಿರಿ. 'ಒಂದೇ ಇಂಜೆಕ್ಷನ್‌ಗೆ ಓಡುತ್ತದೆ' ಎನ್ನುವವರು ಬಹಳಷ್ಟು ಸಲ ಚುಚ್ಚುವುದು ಸ್ಟೀರಾಯ್ಡ್. ಅದರ ಮೇಲೆ ನೋವಿನ ಮಾತ್ರೆಯೂ ಸೇರಿದರೆ ಹುಣ್ಣಿಗೆ ದಾರಿ ಮಾಡಿಕೊಟ್ಟಂತೆ. ಬರೆ ಹಾಕುವವರ ಬಗ್ಗೆ ಬರೆಯಲು ನನಗೆ ತಾಳ್ಮೆಯಿಲ್ಲ.

ಇಂದು ಈ ಕಾಲು, ನಾಳೆ ಆ ಕಾಲು ಕುಂಟಿ, ಜ್ವರವೂ ಬಂದರೆ ಇದು ಮುಪ್ಪಲ್ಲ, ರಕ್ತ ಹೀರುವ ಉಣ್ಣೆ ಹುಳು ಕಚ್ಚಿ ಬರುವ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ. ಅದೇ ಜ್ವರವಾದರೆ ಅದರ ಔಷಧಿ ಡಾಕ್ಸಿಸೈಕ್ಲಿನ್ ಅನ್ನು ಸಾಮಾನ್ಯವಾಗಿ 28 ದಿನ ಕೊಡಬೇಕು. ಐದನೇ ದಿನ ಚೇತರಿಸಿಕೊಂಡ ಎಂದು ನಿಲ್ಲಿಸುವವರೇ ಮತ್ತೆ ಪತ್ರ ಬರೆಯುತ್ತಾರೆ.

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ವಯಸ್ಸಾದ ನಾಯಿಯನ್ನು ನಡೆಸಬಹುದೇ?

ಉತ್ತರ: ಅಲೆ ತೊಳೆದ ಗಟ್ಟಿ ಮರಳಿನಲ್ಲಿ ನಡೆಸಬಹುದು. ಕಾಲು ಹೂಳುವ ಒಣ ಮರಳು ಬೇಡ, ಚೆಂಡೆಸೆತ ಬೇಡವೇ ಬೇಡ.

ಪ್ರಶ್ನೆ: ಅಂಡು ನೆಲಕ್ಕೆ ಉಜ್ಜುತ್ತದೆ. ಜಂತುಮಾತ್ರೆ ಹಾಕಲೇ?

ಉತ್ತರ: ಬಹುಪಾಲು ಗುದಗ್ರಂಥಿ ತುಂಬಿರುತ್ತದೆ. ಮೊದಲು ತೋರಿಸಿ.

ಪ್ರಶ್ನೆ: ಜರ್ಮನ್ ಶೆಫರ್ಡ್ ಮರಿಗೆ ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಟಾನಿಕ್?

ಉತ್ತರ: ದೊಡ್ಡ ತಳಿಯ ಮರಿಗಳಿಗಾಗಿಯೇ ಮಾಡಿದ ಆಹಾರ ತಿನ್ನುತ್ತಿದ್ದರೆ ಬೇಡ. ಹೆಚ್ಚಾದ ಕ್ಯಾಲ್ಸಿಯಂನಿಂದಲೇ ಮೂಳೆ ಸೊಟ್ಟಗೆ ಬೆಳೆಯುತ್ತದೆ. ಬಾಟಲಿ ತೆರೆದಿಲ್ಲದಿದ್ದರೆ ಅಂಗಡಿಗೆ ವಾಪಸ್ ಕೊಡಿ.