ಚೌಕ ಎಣಿಸಿದಿರಾ?

ನಮಸ್ಕಾರ. ನೀವು ಕಳಿಸಿದ ಲೇಖನದ ಕರಡು ‘ಇಸಿಜಿ ಹೇಳುವ ಹೃದಯ ಭವಿಷ್ಯ’ ಓದಿದೆ. ಭಾಷೆ ಸಲೀಸಾಗಿದೆ, ವಿಷಯವೂ ನಮ್ಮ ಓದುಗರಿಗೆ ಬೇಕಾದದ್ದೇ. ಆದರೆ ಎರಡನೇ ಪುಟಕ್ಕೆ ಬಂದಾಗ ಸಿಟ್ಟು ಬಂತು.

“ಮೂಡಿಗೆರೆಯ 42 ವರ್ಷದ ಗಂಡಸರೊಬ್ಬರ ಕ್ಯೂಟಿಸಿ 465. ಯಂತ್ರವೇ ಅಪಾಯ ಸಾರಿತು” ಎಂದಿದ್ದೀರಿ. ಕ್ಯೂಟಿ ಎಂದರೆ ಒಂದು ಬಡಿತದಲ್ಲಿ ಹೃದಯದ ಕೆಳ ಕೋಣೆಗಳ ವಿದ್ಯುತ್ ಚಟುವಟಿಕೆ ಶುರುವಾಗಿ ಮುಗಿಯಲು ಹಿಡಿಯುವ ಸಮಯ; ಅದನ್ನು ಬಡಿತದ ವೇಗಕ್ಕೆ ಹೊಂದಿಸಿದ ಲೆಕ್ಕ ಕ್ಯೂಟಿಸಿ. ಎರಡೂ ಮಿಲಿಸೆಕೆಂಡಿನಲ್ಲಿ; ತೀರಾ ಉದ್ದವಾದರೆ ಬಡಿತದ ಲಯ ತಪ್ಪುವ ಅಪಾಯ. ಜೊತೆಗೆ ಕಳಿಸಿದ ಇಸಿಜಿಯ ಫೋಟೊದಲ್ಲಿ ಚೌಕ ಎಣಿಸಿದಿರಾ? ನಾನು ಎಣಿಸಿದೆ. ಸೆಕೆಂಡಿಗೆ 25 ಮಿಲಿಮೀಟರ್ ಓಡುವ ಕಾಗದದಲ್ಲಿ ಒಂದು ಸಣ್ಣ ಚೌಕ ಅಂದರೆ 40 ಮಿಲಿಸೆಕೆಂಡು. ಕ್ಯೂಟಿ 9 ಚೌಕ, 360. ಒಂದು ಆರ್ ತುದಿಯಿಂದ (ಪ್ರತಿ ಬಡಿತದ ಎತ್ತರದ ಮೊನೆ) ಮುಂದಿನದಕ್ಕೆ 15 ಚೌಕ, 0.6 ಸೆಕೆಂಡು, ಅಂದರೆ ನಿಮಿಷಕ್ಕೆ 100 ಬಡಿತ. ನಿಮ್ಮದೇ ಮೊದಲ ಪ್ಯಾರಾದಲ್ಲಿ ಆತ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದು ಮಲಗಿದ್ದಾರಲ್ಲ! ಬಡಿತದ ವೇಗಕ್ಕೆ ಹೊಂದಿಸುವ ಬ್ಯಾಜೆಟ್ ಸೂತ್ರದಂತೆ 360ನ್ನು 0.6ರ ವರ್ಗಮೂಲದಿಂದ ಭಾಗಿಸಿದರೆ 465. ಫ್ರಿಡೆರಿಸಿಯಾ ಸೂತ್ರದಂತೆ ಘನಮೂಲದಿಂದ ಭಾಗಿಸಿದರೆ 427. ಗಂಡಸರಿಗೆ ಸಾಮಾನ್ಯವಾಗಿ ಹಾಕುವ ಮಿತಿಯ ಗೆರೆ 450. ಎರಡೂ 1920ರ ಸೂತ್ರಗಳೇ. ಬಡಿತ ಜೋರಾದಾಗ ಬ್ಯಾಜೆಟ್ ಉಬ್ಬಿಸಿ ತೋರಿಸುತ್ತದೆ, ನಿಧಾನವಾದಾಗ ತಗ್ಗಿಸಿ. ಆತನನ್ನು ಹತ್ತು ನಿಮಿಷ ಸುಮ್ಮನೆ ಮಲಗಿಸಿ ಇನ್ನೊಮ್ಮೆ ತೆಗೆಸಬೇಕಿತ್ತು. ಕ್ಯೂಟಿಸಿ 500 ದಾಟಿದ್ದರೆ ಮಾತೇ ಬೇರೆ: ತಿನ್ನುವ ಮಾತ್ರೆಗಳನ್ನೂ ರಕ್ತದ ಪೊಟ್ಯಾಸಿಯಂ ಅನ್ನೂ ಆಗಲೇ ನೋಡಬೇಕು.

ನಾನು ಕರಡು ತಿದ್ದಲು ಕಲಿಯುವಾಗ ಹಿರಿಯರು ಪ್ರತಿ ಅಂಕಿಯ ಪಕ್ಕ ಕೆಂಪು ಶಾಯಿಯಲ್ಲಿ ‘ಹೇಗೆ ಅಳೆದದ್ದು?’ ಎಂದು ಗೀಚುತ್ತಿದ್ದರು. ನಿಮ್ಮ ಕರಡಿನಲ್ಲಿ ನಾನೂ ಹನ್ನೊಂದು ಕಡೆ ಗೀಚಿದ್ದೇನೆ.

ಇನ್ನೊಂದು ಸಾಲು: “ಇಸಿಜಿ ನಾರ್ಮಲ್ ಬಂದರೆ ಹೃದಯಕ್ಕೆ ಗ್ಯಾರಂಟಿ.” ಇದನ್ನು ಹೊಡೆದು ಹಾಕಿದ್ದೇನೆ. ಮಲಗಿದವರ ಹತ್ತು ಸೆಕೆಂಡಿನ ವಿದ್ಯುತ್ತನ್ನಷ್ಟೇ ಅದು ಬರೆಯುತ್ತದೆ. ರಕ್ತನಾಳದೊಳಗೆ ಕಟ್ಟಿಕೊಂಡ ಕೊಬ್ಬು ಅದಕ್ಕೆ ಕಾಣದು. ನಾಳ ಸಾಕಷ್ಟು ಕಿರಿದಾಗಿದ್ದರೂ ವಿಶ್ರಾಂತಿಯ ಇಸಿಜಿ ಸರಿಯಾಗಿಯೇ ಬರಬಹುದು. 2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಕೇಳಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ ಊರಿನವರು ಇದನ್ನು ಓದುತ್ತಾರೆ. ಬೆಳಿಗ್ಗೆ ನಾರ್ಮಲ್ ಬಂತೆಂದು ಸಂಜೆ ಎದೆ ಹಿಡಿದುಕೊಂಡರೂ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಮಲಗಿಯಾರು. ವಯಸ್ಸು, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಬೀಡಿ–ಸಿಗರೇಟು ಮೊದಲು ಬರಲಿ. ಇಸಿಜಿಯ ಅಳತೆ ಅದಾದ ಮೇಲೆ.

ತಿದ್ದಿ ಕಳಿಸಿ. ಅದಕ್ಕೂ ಮೊದಲು ಟೆಕ್ನಿಷಿಯನ್ ಹತ್ತಿರ ವಿಚಾರಿಸಿ, ಎದೆಯ ಮೇಲಿನ ವಿ1, ವಿ2 ಎಂಬ ವಿದ್ಯುತ್ ಹಿಡಿಯುವ ಬಿಲ್ಲೆಗಳನ್ನು ಎಲ್ಲಿ ಅಂಟಿಸಿದ್ದರೆಂದು. ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ ಇರಬೇಕಾದವು ಒಂದು ಸಂದು ಮೇಲೆ ಹೋದರೂ ಹಳೆಯ ಹೃದಯಾಘಾತದಂಥ ಗೆರೆ ಮೂಡಬಹುದು. ಮೂರನೇ ಪುಟದಲ್ಲಿ ನೀವು ‘ಹಳೆಯ ಅಟ್ಯಾಕ್’ ಎಂದದ್ದು ಅದೇ ಇರಬಹುದೇ ಎಂದು ನನಗೆ ಅನುಮಾನ.